ಮುದ್ದೆಗೊಂದು ಚಮಚ

ನಮ್ಮ ಸೋದರತ್ತೆಯ ಮನೆಯಲ್ಲಿ ಊಟಕ್ಕೆ ಮೊದಲನೇ ಪಂಕ್ತಿ ಹುಳುಗಳದ್ದು. ಹೌದು ಸ್ವಾಮಿ, ಹುಳುಗಳದ್ದೇ! ರೇಷ್ಮೆ ಹುಳು! ಅವು ಉಂಡು, ಉಂಡ ಮೇಲೂ ಬದುಕಿ, ತಲೆಯೆತ್ತಿ ಆಡಿಕೊಂಡಿದ್ದರೆ ಎರಡನೇ ಪಂಕ್ತಿಗೆ ನಮ್ಮನ್ನು ಕರೆಯುತ್ತಾಳೆ. ಅವು ಸತ್ತವೋ, ಅವತ್ತಿನ ಸಾರಿಗೆ ತರಕಾರಿ ಇಲ್ಲ. ನಗಬೇಡಿ. ಹನ್ನೆರಡು ಗಂಟೆಗೆ ಹಸಿದು ಹೋಗಿ, ಮೂರು ಗಂಟೆಯವರೆಗೆ ಹುಳುಗಳ ಮುಖ ನೋಡುತ್ತ ಕೂತವನ ಹೊಟ್ಟೆಯ ಸಂಕಟ ನಿಮಗೇನು ಗೊತ್ತು?

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಇರುವುದು ಸುಗಟೂರಿಗೆ ಎರಡು ಮೈಲಿಯ ಒಂದು ಹಳ್ಳಿಯಲ್ಲಿ. ಹಿಪ್ಪುನೇರಳೆ ತೋಟ, ಮನೆಗೆ ಸಾಲುವಷ್ಟು ರಾಗಿ, ಹಿತ್ತಲಲ್ಲಿ ತರಕಾರಿ, ಎರಡು ಸೀಮೆಹಸು, ಮನೆಗೆ ಅಂಟಿಕೊಂಡಂತೆ ಹುಳು ಸಾಕುವ ಕೋಣೆ. ಜೊತೆಗೆ ನಮ್ಮ ಮಾವ. ಮಾವನನ್ನು ಕೊನೆಯಲ್ಲಿ ಹೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ, ಅವರೂ ಮಾಡಿಕೊಳ್ಳುವುದಿಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಅವರಿಗೆ ಅದೇ ಜಾಸ್ತಿ. ಮಿಕ್ಕ ಮಾತೆಲ್ಲ ಅತ್ತೆಯದು.

ಹೈಸ್ಕೂಲಿನ ಮೂರು ವರ್ಷ ನಾನು ಓದಿದ್ದು ಇವರ ಮನೆಯಲ್ಲಿದ್ದುಕೊಂಡೇ. ಬೆಳಗ್ಗೆ ಎದ್ದು ಹುಳುಗಳಿಗೆ ಸೊಪ್ಪು ಹಾಕುವುದು ನನ್ನ ಕೆಲಸ. "ಇವನ ಕೈಗುಣ ಒಳ್ಳೇದು ಕಣ್ರೀ. ಇವನು ಸೊಪ್ಪು ಹಾಕಿದ ತಟ್ಟೇಲಿ ಒಂದ್ ಹುಳಾನೂ ಸಾಯಲ್ಲ" ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಆ ಹೊಗಳಿಕೆ ಕೇಳಿ ನಾನೂ ಉಬ್ಬಿಹೋಗಿದ್ದೆ.

ಅಂಥ ಕೈಗುಣದವನು ಮುಂದೆ ಏನಾದೆ ಗೊತ್ತೆ? ಕೋಲಾರದಲ್ಲಿ ಔಷಧಿ ಅಂಗಡಿ ಇಟ್ಟೆ! ಔಷಧಿ ಎಂದರೆ ನೆಗಡಿ ಕೆಮ್ಮಿನದಲ್ಲ, ಗಿಡಕ್ಕೆ ಹೊಡೆಯುವುದು. ಬಿಳಿ ನೊಣಕ್ಕೊಂದು, ಅಂಗಮಾರಿಗೊಂದು, ಕಾಯಿಕೊರಕಕ್ಕೊಂದು. ನಮ್ಮ ಕೋಲಾರದ ಟೊಮೆಟೊ ಲಾರಿ ಹತ್ತಿ ದಿಲ್ಲಿಗೆ ಹೋಗುತ್ತದೆ, ಗಡಿ ದಾಟಿ ಬಾಂಗ್ಲಾಕ್ಕೂ ಹೋಗುತ್ತದೆ. ಅದು ಕೊಳೆಯದೆ ಅಲ್ಲಿಯವರೆಗೆ ಹೋಗುವುದು ಯಾರಿಂದ? ನನ್ನಂಥವರಿಂದ! ಲೋಕದ ಅರ್ಧ ಜನ ಹೊಟ್ಟೆ ತುಂಬ ಉಣ್ಣುತ್ತಿರುವುದೇ ನನ್ನ ಅಂಗಡಿಯ ದೆಸೆಯಿಂದ ಎಂದು ನಾನು ಗಲ್ಲಾದ ಮುಂದೆ ಎದೆಯುಬ್ಬಿಸಿ ಕೂರುತ್ತಿದ್ದೆ.

ಅಂಗಡಿ ಇಟ್ಟ ದಿನದಿಂದ ಹುಳು ಮನೆಗೆ ನನಗೆ ಪ್ರವೇಶ ಬಂದ್. ಅದಕ್ಕೆ ನನ್ನ ತಕರಾರಿಲ್ಲ. ಹುಳು ಸಾಕುವವರ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವ ಹಾಗಿಲ್ಲ, ಹೊಗೆಸೊಪ್ಪು ಜಗಿದವರು ಒಳಗೆ ಹೋಗುವ ಹಾಗಿಲ್ಲ. ಅಷ್ಟು ಸೂಕ್ಷ್ಮ ಜೀವ ಅವು. ಮೂರು ವರ್ಷದ ಹಿಂದೆ ಗೌರಿ ಹಬ್ಬದ ದಿನ ಮಾತ್ರ, ಕಾಡಿ ಬೇಡಿ, ಸೋಪು ಹಾಕಿ ಮೂರು ಸಲ ಕೈ ತೊಳೆದು, ಹಳೇ ನೆನಪಿಗೆಂದು ಒಂದು ತಟ್ಟೆಗೆ ಸೊಪ್ಪು ಹಾಕಿ ಬಂದಿದ್ದೆ. ಅದೇ ಕೊನೆ.

ಅತ್ತೆಗೆ ತಲೆ ಕೆಟ್ಟದ್ದು ಆ ಹಬ್ಬ ಕಳೆದ ಮೇಲೆಯೇ. ದೀಪಾವಳಿಗೆ ಹೋದಾಗ ನಾನು ಮಾರ್ಕೆಟ್ಟಿನಿಂದ ಒಂದು ಹೂಕೋಸು ಕೊಂಡುಹೋಗಿದ್ದೆ. ಎಂಥ ಹೂಕೋಸು ಅಂತೀರಿ! ಮಲ್ಲಿಗೆಯಷ್ಟು ಬೆಳ್ಳಗೆ, ಒಂದು ಚುಕ್ಕೆ ಇಲ್ಲ, ಒಂದು ತೂತಿಲ್ಲ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದರಲ್ಲಿ ಒಂದ್ ಹುಳಾನೂ ಇಲ್ವಲ್ಲೋ?"

"ಅದೇ ಅತ್ತೆ ಅದರ ಹೆಚ್ಚುಗಾರಿಕೆ!"

"ಹುಳಾನೇ ಬೇಡ ಅಂದಿದ್ದನ್ನ ನಾನ್ಯಾಕೆ ತಿನ್ಲಿ?" ಎಂದವಳೇ ಹೂಕೋಸನ್ನು ಒಂದು ಬೋಸಿ ನೀರಿನಲ್ಲಿ ಅದ್ದಿ ಅಲ್ಲಾಡಿಸಿದಳು. ಆ ನೀರಿನಲ್ಲಿ ನಾಲ್ಕು ಹಿಪ್ಪುನೇರಳೆ ಎಲೆ ನೆನೆಸಿ ನೆರಳಲ್ಲಿ ಆರಿಸಿದಳು. ಒಂದು ಮೊರದಲ್ಲಿ ಹತ್ತು ಹುಳು ಬಿಟ್ಟು, ಎಲೆಯನ್ನು ಅವುಗಳ ಮೇಲೆ ಹರಡಿ, "ನಮ್ ಹತ್ತು ಜನ ಊಟ ಮಾಡ್ಲಿ, ಆಮೇಲೆ ನಾವು" ಎಂದು ಸೆರಗು ಸಿಕ್ಕಿಸಿಕೊಂಡು ಕೂತಳು.

ನಾನು ಹಸಿವಿನಲ್ಲೇ ನಕ್ಕೆ. ಒಂದು ಗಂಟೆ ಹೊತ್ತು ಹುಳುಗಳು ಚರಚರ ಎಲೆ ಮೇಯ್ದವು. ಆಮೇಲೆ ಒಂದು ತಲೆ ಒದರಿತು. ಇನ್ನೊಂದು ಹಸಿರಾಗಿ ಕಕ್ಕಿತು. ನೋಡುನೋಡುತ್ತಿದ್ದಂತೆ ಹತ್ತೂ ಹೊರಳಾಡಿ ಮುರುಟಿಕೊಂಡು ಬಿದ್ದವು! ನಾನು ದಂಗಾದದ್ದು ಹುಳು ಸತ್ತದ್ದಕ್ಕಲ್ಲ. ಆ ಹೂಕೋಸು ಯಾರ ತೋಟದ್ದು ಎಂದು ನನಗೆ ಗೊತ್ತಿತ್ತು. ಅದರ ಔಷಧಿಯನ್ನು ಹಿಂದಿನ ವಾರ ಮಾರಿದವನು ನಾನೇ! ಅತ್ತೆ ಹೂಕೋಸನ್ನು ಗುಂಡಿ ತೋಡಿ ಹೂತಳು. ಹಸುವಿಗೂ ಹಾಕಲಿಲ್ಲ.

ಆಮೇಲೆ ಊಟಕ್ಕೆ ಕೂತೆವು. ಬಿಸಿ ಮುದ್ದೆ, ಹುರುಳಿ ಸಾರು. ಎಲ್ಲರಿಗೂ ತಟ್ಟೆ ಬಂತು. ನನ್ನ ತಟ್ಟೆಯ ಪಕ್ಕದಲ್ಲಿ ಮಾತ್ರ ಒಂದು ಸ್ಟೀಲಿನ ಚಮಚ!

ನನಗೆ ಅರ್ಥವಾಗಲಿಲ್ಲ. "ಇದ್ಯಾಕತ್ತೆ?"

"ತಿನ್ನೋಕೆ."

"ಮುದ್ದೇನಾ?"

"ಹೂಂ. ನೀನೀಗ ಪ್ಯಾಟೆಯವನಲ್ವಾ."

ನೀವೇ ಹೇಳಿ, ಕೋಲಾರದ ಸೀಮೆಯಲ್ಲಿ ಹುಟ್ಟಿದ ಗಂಡಸಿಗೆ ಮುದ್ದೆಗೆ ಚಮಚ ಕೊಡುವುದಕ್ಕೂ ಕಪಾಳಕ್ಕೆ ಬಾರಿಸುವುದಕ್ಕೂ ಏನಾದರೂ ವ್ಯತ್ಯಾಸವಿದೆಯೇ? ಮುದ್ದೆಯನ್ನು ಮುರಿದು, ಉರುಟಿ, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಚಮಚದಲ್ಲಿ ಅದು ಬರುವುದೇ ಇಲ್ಲ, ಬಂದರೆ ಇಳಿಯುವುದಿಲ್ಲ. ಮಾವ ಆರಾಮಾಗಿ ಕೈಯಲ್ಲಿ ಉಂಡರು. ನಾನು ಚಮಚ ಹಿಡಿದು ಒದ್ದಾಡಿದೆ. ಹೂಕೋಸಿನ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾಳೆ, ಒಂದು ದಿನದ ಮಾತು ಎಂದುಕೊಂಡೆ. ಎಲ್ಲಿ ಬಂತು! ಮೂರು ವರ್ಷ, ಹೋದಾಗಲೆಲ್ಲ ಅದೇ ಚಮಚ. ಅದಕ್ಕೆಂದೇ ಗೋಡೆಯಲ್ಲೊಂದು ಮೊಳೆ. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ನನ್ನ ಹೆಂಡತಿ ಜೊತೆಗೆ ಬಂದಾಗ ಅವಳಿಗೂ ಇಲ್ಲ, ನನಗೆ ಮಾತ್ರ!

ಹುಳುಗಳ ಕಾರುಬಾರು ಇನ್ನೂ ಜೋರಾಯಿತು. ಮನೆಗೆ ಬಂದ ಹಣ್ಣು, ತರಕಾರಿ, ಸೊಪ್ಪು, ಎಲ್ಲಕ್ಕೂ ಪರೀಕ್ಷೆ. ಸ್ವಂತ ಹಿತ್ತಲಿನದಕ್ಕೂ ಪರೀಕ್ಷೆ, ಏಕೆಂದರೆ ಪಕ್ಕದ ತೋಟದವನು ಔಷಧಿ ಹೊಡೆದಾಗ ಗಾಳಿ ಈಚೆಗೆ ಬೀಸಿದ್ದರೆ? ಹುಳು ಗೂಡು ಕಟ್ಟಿ, ಹೊಸ ಹುಳು ದೊಡ್ಡದಾಗುವವರೆಗೆ ಪರೀಕ್ಷೆ ಮಾಡುವವರಿರುವುದಿಲ್ಲ. ಅಷ್ಟು ದಿನ ಆ ಮನೆಯಲ್ಲಿ ಬರೀ ಹುರುಳಿ, ಅವರೆಕಾಳು. ಒಮ್ಮೆ ಔಷಧಿ ಹೊಡೆಯದೆ, ಬರೀ ಬೂದಿ ಎರಚಿ ಬದನೆ ಬೆಳೆದಳು. ಆ ವರ್ಷದ ಬದನೆಯನ್ನೆಲ್ಲ ಕಾಯಿಕೊರಕವೇ ತಿಂದು ತೇಗಿತು. ನನಗೆ ಒಳಗೊಳಗೇ ಖುಷಿ.

"ನೋಡತ್ತೆ, ಎಲ್ಲಾದ್ರಲ್ಲೂ ತೂತು! ನಿನ್ನ ಹಾಗೆ ಎಲ್ರೂ ಬೂದಿ ಎರಚ್ಕೊಂಡು ಕೂತ್ರೆ ಲೋಕ ಉಪವಾಸ ಬೀಳುತ್ತೆ ಅಷ್ಟೇ."

"ತೂತಿದೆ ಅಂದ್ರೆ ಪಾಸಾಗಿದೆ ಅಂತ ಕಣೋ" ಎಂದು ಅತ್ತೆ ತೂತಿನ ಸುತ್ತ ಕೊಯ್ದು, ಉಳಿದರ್ಧ ಬದನೆಯನ್ನು ಹುಳಿಗೆ ಹಾಕಿದಳು.

ಇದೆಲ್ಲ ಮನೆಯೊಳಗಿನ ಮಾತಾಯಿತು. ಎರಡು ವರ್ಷದ ಹಿಂದೆ ಅತ್ತೆಯ ಮಗಳನ್ನು ನೋಡಲು ಮುಳಬಾಗಿಲಿನ ಕಡೆಯಿಂದ ಗಂಡಿನವರು ಬಂದರು. ಸೇಬು, ದ್ರಾಕ್ಷಿ, ಹೂವು ತುಂಬಿದ ದೊಡ್ಡ ಹರಿವಾಣವನ್ನು ಅತ್ತೆಯ ಕೈಗಿತ್ತರು. ಅತ್ತೆ ನಗುನಗುತ್ತ ತೆಗೆದುಕೊಂಡು, "ಒಂದ್ ನಿಮ್ಷ ಬಂದೆ" ಎಂದು ಒಳಗೆ ಹೋದಳು. ಆ ಹೋಗುವ ದಿಕ್ಕು ನನಗೆ ಗೊತ್ತಿಲ್ಲವೇ? ಹುಳು ಮನೆಯ ದಿಕ್ಕು!

ಒಂದು ನಿಮಿಷ ಎರಡು ಗಂಟೆಯಾಯಿತು. ಹುಡುಗಿ ಬಂದು ಕಾಫಿ ಕೊಟ್ಟು ಹೋದಳು. ಹುಡುಗ ನೆಲ ನೋಡಿದ, ಗೋಡೆ ನೋಡಿದ, ಮೊಳೆಯಲ್ಲಿ ನೇತಾಡುವ ಚಮಚವನ್ನೂ ನೋಡಿದ. ಮಾತಿಗೆ ಯಾರಿದ್ದಾರೆ? ಮಾವ! ನಾನೇ ಮಳೆ, ಬೆಳೆ, ಟೊಮೆಟೊ ರೇಟು ಎಂದು ಒದರುತ್ತ ಹೊತ್ತು ತಳ್ಳಿದೆ. ಕೊನೆಗೆ ಅತ್ತೆ ಈಚೆ ಬಂದು, ತುಂಬಿದ ಸಭೆಯಲ್ಲಿ ತೀರ್ಪು ಕೊಟ್ಟಳು.

"ಹುಡುಗ ಒಳ್ಳೆಯವನೇ. ದ್ರಾಕ್ಷಿ ಸರಿಯಿಲ್ಲ."

ಗಂಡಿನ ತಾಯಿ ಹೌಹಾರಿ ಎದ್ದು ನಿಂತರು. ಸಂಬಂಧ ಹೋಯಿತು ಅಂದುಕೊಂಡೆ. ಅತ್ತೆ ಅವರ ಕೈ ಹಿಡಿದು ಸೀದಾ ಮೊರದ ಹತ್ತಿರ ಕರೆದುಕೊಂಡು ಹೋಗಿ, ಸತ್ತ ಹತ್ತು ಹುಳುಗಳನ್ನು ತೋರಿಸಿದಳು. ಆಕೆ ಬಗ್ಗಿ ನೋಡಿ, "ಅಯ್ಯೋ ದೇವುಡಾ, ಬೆಳಗ್ಗೆ ಇದನ್ನೇ ನನ್ ಮೊಮ್ಮಗನ್ಗೂ ಒಂದ್ ಗೊಂಚಲು ಕೊಟ್ ಬಂದ್ನಲ್ಲಮ್ಮಾ" ಎಂದು ಅಲ್ಲೇ ಕುಸಿದು ಕೂತರು. ಪುಣ್ಯಕ್ಕೆ ಮಗುವಿಗೆ ಏನೂ ಆಗಲಿಲ್ಲ. ಮದುವೆಯೂ ನಡೆಯಿತು. ನಿಶ್ಚಿತಾರ್ಥಕ್ಕೆ ಗಂಡಿನವರು ತಟ್ಟೆಯಲ್ಲಿ ಬೆಲ್ಲ ಮತ್ತು ತೆಂಗಿನಕಾಯಿ ಮಾತ್ರ ಇಟ್ಟುಕೊಂಡು ಬಂದರು.

ಈ ಮಧ್ಯೆ ಇನ್ನೊಂದು ಹಿಂಸೆ. ವಾರಕ್ಕೊಮ್ಮೆ ಸುಗಟೂರಿನ ಬಸ್ಸಿನಲ್ಲಿ ಅತ್ತೆಯಿಂದ ನನ್ನ ಅಂಗಡಿಗೆ ಒಂದು ಚೀಲ ಬರುತ್ತದೆ. ಒಳಗೆ ತೂತು ಬಿದ್ದ ಬದನೆ, ಸೊಟ್ಟ ಬೆಂಡೆ, ಅರ್ಧ ಎಲೆ ಮೇಯ್ದ ದಂಟಿನ ಸೊಪ್ಪು. ಜಗತ್ತಿನ ಸಕಲ ಹುಳುಗಳಿಗೂ ಮದ್ದು ಮಾರುವವನ ಗಲ್ಲಾದ ಮೇಲೆ ಹುಳುಕು ತರಕಾರಿ! ಗಿರಾಕಿಗಳು ನೋಡಿ ಮುಸಿಮುಸಿ ನಗುತ್ತಿದ್ದರು. ಹೆಂಡತಿಗೆ ಮಾತ್ರ ಆ ಚೀಲ ಕಂಡರೆ ಹಬ್ಬ.

ಹೋದ ಬೇಸಿಗೆಯಲ್ಲಿ ನನ್ನ ಮಾನ ಬೀದಿಪಾಲಾಯಿತು. ಒಂದು ಕಂಪನಿಯ ಹೊಸ ಔಷಧಿಗೆಂದು ಕೋಲಾರದ ಕಲ್ಯಾಣ ಮಂಟಪದಲ್ಲಿ ರೈತರ ಸಭೆ ಇಟ್ಟುಕೊಂಡಿದ್ದೆ. ಕೇಸರಿಬಾತು, ಉಪ್ಪಿಟ್ಟು, ಮೈಕು, ಪರದೆ. ಟೈ ಕಟ್ಟಿದ ಸಾಹೇಬರು ಬೆಂಗಳೂರಿನಿಂದ ಬಂದಿದ್ದರು. ಮುಂದಿನ ಸಾಲಿನಲ್ಲಿ ನೋಡುತ್ತೇನೆ, ಅತ್ತೆ! ತೊಡೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಮೊರ! ಪಕ್ಕದಲ್ಲಿ ಮಾವ, ಕೇಸರಿಬಾತು ತಿನ್ನುತ್ತ.

ಪರದೆಯ ಮೇಲೆ ಭೂಗೋಳ ಗಿರಗಿರ ತಿರುಗಿತು. "ಲೋಕದಲ್ಲಿ ಉಣ್ಣೋ ಬಾಯಿಗಳು ಹೆಚ್ತಾನೇ ಇವೆ, ಜಮೀನು ಮಾತ್ರ ಹೆಚ್ತಿಲ್ಲ. ಇಷ್ಟು ಜನಕ್ಕೆ ಊಟ ಹಾಕೋರು ಯಾರು? ನೀವು!" ಎಂದರು ಸಾಹೇಬರು. ಚಪ್ಪಾಳೆ. "ನಮ್ಮ ಈ ಔಷಧಿ ಕೆಟ್ಟ ಹುಳಕ್ಕೆ ಯಮ, ಒಳ್ಳೇ ಹುಳಕ್ಕೆ ಸ್ನೇಹಿತ" ಎಂದರು. ಇನ್ನೂ ಜೋರು ಚಪ್ಪಾಳೆ. ಅತ್ತೆ ಎದ್ದಳು.

"ಸ್ವಾಮಿ, ನೀವು ಬೆಳಗ್ಗೇನೇ ಬಾಗಿಲಲ್ಲಿ ಹಂಚಿದ್ರಲ್ಲ ಸಣ್ಣ ಸೀಸೆ, ಅದನ್ನ ಚೀಟೀಲಿ ಬರೆದಿರೋ ಅಳತೇಗೆ ಕಲಸಿ ಎಲೆಗೆ ಸವರಿದ್ದೆ. ನಮ್ ಹತ್ತು ಜನಾನೂ ಒಳ್ಳೇವ್ರೇ. ಈಗ ನೋಡಿ." ಬಟ್ಟೆ ಸರಿಸಿ ಮೊರವನ್ನು ವೇದಿಕೆಯ ಮೇಲೆ, ಮೈಕಿನ ಪಕ್ಕದಲ್ಲೇ ಇಟ್ಟಳು. ಹೇಳಬೇಕೇ? ಹತ್ತೂ ಸೆಟೆದುಕೊಂಡಿದ್ದವು.

ಸಾಹೇಬರು ತಡವರಿಸಿದರು. "ಅಮ್ಮಾ, ರೇಷ್ಮೆ ಹುಳುವಿನ ಹತ್ತಿರ ಬಳಸಬೇಡಿ ಅಂತ ಲೇಬಲ್ ಮೇಲೆ ಬರೆದಿದ್ದೀವಲ್ಲ?"

"ನಮ್ ಹುಳಕ್ಕೆ ಓದಕ್ ಬರಲ್ಲ ಸ್ವಾಮಿ!"

ಮಂಟಪವೇ ಬಿದ್ದು ಬಿದ್ದು ನಕ್ಕಿತು. ನಾನು ಕಂಬದ ಹಿಂದೆ ಸರಿದೆ. ಅತ್ತೆ ಅಷ್ಟಕ್ಕೇ ಇಳಿದುಬಂದಿದ್ದರೆ ಸಾಕಿತ್ತು. ಆದರೆ ಅವಳು ಸಭೆಯ ಕಡೆ ತಿರುಗಿ ನಿಂತಳು.

"ನಗೋದಿರ್ಲಿ. ಮಾರ್ಕೆಟ್ಟಿಗೆ ಅಂತ ಒಂದು ತೋಟ, ಮನೆಗೆ ಅಂತ ಔಷಧಿ ಹೊಡೀದೆ ಒಂದು ಸಾಲು ಬೇರೆ ಬಿಟ್ಕೊಂಡಿರೋರು ಎಷ್ಟ್ ಜನ ಇದ್ದೀರಪ್ಪಾ? ಕೈಯೆತ್ತಿ."

ನಗು ಗಪ್ಪನೆ ನಿಂತಿತು. ಆಮೇಲೆ ಹಿಂದಿನ ಬೆಂಚಿನಲ್ಲಿ ಟೇಕಲ್ಲಿನ ಕಡೆಯ ಒಬ್ಬ ಮುದುಕ ನಿಧಾನವಾಗಿ ಕೈಯೆತ್ತಿದ. ಅವನ ಪಕ್ಕದವನು ಎತ್ತಿದ. ಆಮೇಲೆ ನಾಲ್ಕು, ಹತ್ತು, ಐವತ್ತು. ನೋಡುನೋಡುತ್ತಿದ್ದಂತೆ ಇಡೀ ಮಂಟಪದ ಕೈ ಮೇಲಿತ್ತು! ನಾನು ಬೆಚ್ಚಿಬಿದ್ದೆ. ಇವರೆಲ್ಲ ನನ್ನ ಗಿರಾಕಿಗಳು. ಇಷ್ಟು ವರ್ಷ ನನ್ನಿಂದ ಔಷಧಿ ಕೊಂಡವರು. ಒಬ್ಬನಾದರೂ ಒಂದು ದಿನ ನನಗೆ ಈ ಮಾತು ಹೇಳಿರಲಿಲ್ಲ!

"ಲೋಕಕ್ಕೆ ಊಟ ಹಾಕೋರು ನೀವೇ. ನೀವು ಉಣ್ದೆ ಇರೋದನ್ನ ಲೋಕಕ್ಕೆ ಬಡಿಸ್ತೀರಲ್ಲಪ್ಪಾ" ಎಂದಳು ಅತ್ತೆ. ಆಮೇಲೆ ಕಂಬದ ಕಡೆ ಬೆರಳು ತೋರಿಸಿ, "ಅಲ್ಲಿ ಅವಿತ್ಕೊಂಡವ್ನಲ್ಲ, ನನ್ನಳಿಯ, ಅವನಿಗೆ ಆ ಒಂದು ಸಾಲೂ ಇಲ್ಲ" ಎಂದಳು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಅವತ್ತು ಹೊಸ ಔಷಧಿ ಒಂದು ಸೀಸೆಯೂ ಹೋಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಬೈಕು ಹತ್ತಿ ಸೀದಾ ಅತ್ತೆಯ ಮನೆಗೆ ಹೋದೆ. ಜಗಳ ಆಡಲೆಂದೇ ಹೋದೆ. ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಬರಲೆಂದೇ ಹೋದೆ. ಅತ್ತೆ ಏನೂ ನಡೆದೇ ಇಲ್ಲ ಎನ್ನುವ ಹಾಗೆ, "ಬಾ ಬಾ, ಬಸ್ಸಾರು ಮಾಡಿದ್ದೀನಿ" ಎಂದಳು. ತಟ್ಟೆ ಇಟ್ಟಳು. ಮುದ್ದೆ ಇಟ್ಟಳು. ಮೊಳೆಯಿಂದ ಚಮಚ ತೆಗೆದಳು.

ನನ್ನ ಪಿತ್ತ ನೆತ್ತಿಗೇರಿತು. ಚಮಚ ಕಿತ್ತುಕೊಂಡು ಅಂಗಳಕ್ಕೆ ಬೀಸಿ ಎಸೆದೆ. ಕೋಳಿಗಳು ಕೊಕ್ಕೊಕ್ಕೋ ಎಂದು ಚೆಲ್ಲಾಪಿಲ್ಲಿಯಾದವು.

"ನಾನೇನು ಹೊರಗಿನವನಾ ಅತ್ತೆ? ಈ ಮನೆ ಮುದ್ದೆ ತಿಂದು ಬೆಳೆದವನಲ್ವಾ? ಅಂಗಡಿ ಇಟ್ಟಿದ್ದು ನಿನಗಾಗಲ್ಲ ಅಂದ್ರೆ ಬಯ್ಯಿ, ಎರಡು ಬಿಡು. ಮೂರು ವರ್ಷದಿಂದ ಚಮಚ ಕೊಟ್ಟು ಅವಮಾನ ಮಾಡ್ತಿದ್ದೀಯಲ್ಲ, ನಾನೇನ್ ಮಾಡಿದೆ ನಿನಗೆ?"

ಅತ್ತೆ ಮಾತಾಡಲಿಲ್ಲ. ಕೇಳಿಸಿಕೊಂಡಿರಾ? ನಮ್ಮತ್ತೆ ಮಾತಾಡಲಿಲ್ಲ! ಬಾಯಿಗೆ ಸೆರಗು ಅಡ್ಡ ಹಿಡಿದು ಒಲೆಯ ಕಡೆ ತಿರುಗಿ ಕೂತಳು. ಅದನ್ನು ಕಂಡೇ ನನ್ನ ಸಿಟ್ಟು ಅರ್ಧ ಇಳಿಯಿತು. ಮಿಕ್ಕರ್ಧ ಇಳಿಸಿದವರು ಮಾವ.

"ಆಗು ನಾಯನಾ, ನೇನು ಚೆಪ್ತಾನು" ಎಂದರು. ಇರು, ನಾನು ಹೇಳುತ್ತೇನೆ ಎಂದು. ಮಾವ ತೆಲುಗಿನಲ್ಲಿ ಶುರು ಮಾಡಿದರೆಂದರೆ ವಿಷಯ ಸಣ್ಣದಲ್ಲ.

"ಮೂರು ವರ್ಷದ ಹಿಂದೆ ಗೌರಿ ಹಬ್ಬದ ದಿನ ಹುಳಕ್ಕೆ ಸೊಪ್ಪು ಹಾಕಿದ್ದೆಯಲ್ಲ?"

"ಹೂಂ. ಮೂರು ಸಲ ಕೈ ತೊಳ್ದು ಹಾಕಿದ್ದೆ."

"ನೀನು ಬಸ್ ಹತ್ತಿ ಹೋದೆ. ಸಂಜೆ ಹೊತ್ಗೆ ಆ ತಟ್ಟೆ ಪೂರ್ತಿ ಹೋಯ್ತು. ಆ ಒಂದು ತಟ್ಟೆ ಮಾತ್ರ. ಅವನಿಗೆ ಹೇಳ್ಬೇಡಿ, ನೊಂದ್ಕೋತಾನೆ ಅಂದ್ಳು ಇವ್ಳು. ತಟ್ಟೆ ಮುಂದೆ ಕೂತು ಅತ್ತಿದ್ದೇ ಅತ್ತಿದ್ದು. ಹೋಗ್ಲಿ ಬಿಡೆ, ಒಂದ್ ತಟ್ಟೆ ಹುಳ ತಾನೇ ಅಂದೆ. ಹುಳ ಹೋದ್ರೆ ಹೋಗ್ಲಿ, ಮೂರು ಸಲ ತೊಳೆದ್ರೂ ಹೀಗಿರೋ ಕೈಯಲ್ಲೇ ಅವನು ದಿನಾ ಉಣ್ತಾನಲ್ಲಾ ಅಂದ್ಳು. ಮಾರನೇ ದಿನಾನೇ ಕೋಲಾರಕ್ ಹೋಗಿ ಆ ಚಮಚ ತಂದ್ಳು."

ಮಾವ ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಕೈ ನೋಡಿಕೊಂಡೆ. ಇದೇ ಕೈಯಲ್ಲಲ್ಲವೇ ನಾನು ಪುಡಿ ಅಳೆದು ಕೊಡುತ್ತಿದ್ದದ್ದು, ಸೀಸೆಯ ಮುಚ್ಚಳ ಬಿಚ್ಚಿ "ಘಾಟು ನೋಡಿ, ಅಸಲಿ ಮಾಲು" ಎಂದು ರೈತರ ಮೂಗಿಗೆ ಹಿಡಿಯುತ್ತಿದ್ದದ್ದು? ಗೌರಿ ಹಬ್ಬದ ಬೆಳಗ್ಗೆಯೂ ಲಾರಿಯಿಂದ ಮಾಲು ಇಳಿಸಿಯೇ ಬಸ್ಸು ಹತ್ತಿದ್ದೆ. ಮೊರ, ಪರೀಕ್ಷೆ, ಹೂತ ಹೂಕೋಸು, ದ್ರಾಕ್ಷಿ, ವಾರವಾರದ ಹುಳುಕು ಬದನೆಯ ಚೀಲ, ಎಲ್ಲ ಶುರುವಾದದ್ದು ಆ ತಟ್ಟೆಯಿಂದ! ನಾನು ನಗುತ್ತಿದ್ದ ಹುಚ್ಚೆಲ್ಲ ನನಗಾಗಿ ಹಿಡಿದದ್ದು!

ಅತ್ತೆ ಕಣ್ಣೊರೆಸಿಕೊಂಡು ಈ ಕಡೆ ತಿರುಗಿದಳು. "ಕೈಗುಣ ಒಳ್ಳೇದು ಅಂತ ಊರಿಗೆಲ್ಲ ಹೇಳಿದ್ದೆ ಕಣೋ. ಈಗ ಹಿಂಗಾಗಿದೆ ಅಂತ ನಿನ್ ಮುಖಕ್ಕೆ ಹೆಂಗ್ ಹೇಳ್ಲಿ?" ಎಂದಳು. ಆಮೇಲೆ ನನ್ನ ತಟ್ಟೆ ಎಳೆದುಕೊಂಡು, ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, "ಬಾಯಿ ತೆಗಿ" ಎಂದಳು. ನಲವತ್ತಾರು ವರ್ಷದವನು, ಮೀಸೆ ನರೆತವನು, ಕೈ ಕಟ್ಟಿಕೊಂಡು ಬಾಯಿ ತೆಗೆದೆ. ತುತ್ತನ್ನು ಅಗಿಯತೊಡಗಿದೆ. "ಅಗೀಬೇಡ, ನುಂಗು" ಎಂದು ಗದರಿದಳು. ನುಂಗಿದೆ.

ಅಂಗಡಿ ಮುಚ್ಚಿದೆಯಾ ಎಂದು ಕೇಳುತ್ತೀರಿ. ಇಲ್ಲ, ಇದೆ. ಬಿಳಿ ನೊಣವೂ ಇದೆ, ಲೋಕದ ಹಸಿವೂ ಇದೆ, ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಈಗ ಗ್ಲೌಸ್ ಹಾಕಿಕೊಳ್ಳದೆ ಸೀಸೆ ಮುಟ್ಟುವುದಿಲ್ಲ, ಬಿಚ್ಚಿ ಮೂಸಿಸುವುದಿಲ್ಲ, ಕೇಳಿದ್ದಕ್ಕಿಂತ ಹೆಚ್ಚು ಕೊಡುವುದಿಲ್ಲ. ಭಾನುವಾರ ತಲೆಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿ ಅತ್ತೆಯ ಮನೆಗೆ ಹೋಗುತ್ತೇನೆ. ಅತ್ತೆ ನಾಲ್ಕು ಎಲೆಯನ್ನು ನನ್ನ ಅಂಗೈಯಲ್ಲಿ ಉಜ್ಜಿಸಿ, ಮೊರಕ್ಕೆ ಹಾಕುತ್ತಾಳೆ. ಮೂವರೂ ಸುತ್ತ ಕೂತು ಉಸಿರು ಬಿಗಿಹಿಡಿದು ನೋಡುತ್ತೇವೆ. ಮೊದಲ ವಾರ ಎರಡು ಹುಳು ಉಳಿದವು. ಹೋದ ಭಾನುವಾರ ಏಳು!

"ಇನ್ ಮೂರು ಕಣೋ. ಹತ್ತೂ ಉಳಿದ್ವು ಅಂದ್ರೆ ನಿನ್ ಕೈಲೇ ನೀನು ಉಣ್ಣು" ಎಂದು ಅತ್ತೆ ಮುದ್ದೆ ಮುರಿದಳು. ಚಮಚ ಅಂಗಳದಲ್ಲಿ ಬಿದ್ದದ್ದು ಮತ್ತೆ ಸಿಕ್ಕಿಲ್ಲ, ಯಾರೂ ಹುಡುಕಿಯೂ ಇಲ್ಲ. ಆ ಹುಳುಗಳು ನನ್ನನ್ನು ಕ್ಷಮಿಸಲಿ, ಅವು ಬದುಕಬೇಕು, ಹತ್ತೂ ಬದುಕಬೇಕು. ಆದರೆ ಸುಳ್ಳು ಯಾಕೆ ಹೇಳಲಿ? ಬಾಯಿ ತೆಗೆದು ಕೂತಾಗ, ಇನ್ನೊಂದೆರಡು ಭಾನುವಾರ ತಡವಾದರೂ ಪರವಾಗಿಲ್ಲ ಅನ್ನಿಸುತ್ತದೆ.